ಮೂರು ಮೋಡಗಳ ನಡುವೆ ಅಕ್ಕನ ಸೀರೆ

ನಮ್ಮ ಬೀದಿಯಲ್ಲಿ ಗುಟ್ಟು ಹೇಳುವುದು ಬಹಳ ಕಷ್ಟ. ಜನ ಕೆಟ್ಟವರೆಂದಲ್ಲ, ಮಗ್ಗಗಳ ಸದ್ದು ಅಂಥದು. ದೊಡ್ಡಬಳ್ಳಾಪುರದ ಈ ಭಾಗದಲ್ಲಿ ಹೆಚ್ಚುಕಡಿಮೆ ಎಲ್ಲರ ಮನೆಯಲ್ಲೂ ವಿದ್ಯುತ್ ಮಗ್ಗಗಳಿವೆ. ಬೆಳಗಿನ ಕಾಫಿಗೆ ನೀರಿಡುವ ಮೊದಲೇ ಅವು ಟಕಟಕ ಎಂದು ಶುರುವಿಟ್ಟುಕೊಂಡರೆ ಕರೆಂಟು ಹೋಗುವವರೆಗೆ ನಿಲ್ಲುವುದಿಲ್ಲ. ಹಾಗಾಗಿ ಇಲ್ಲಿ ಹುಟ್ಟಿ ಬೆಳೆದವರಿಗೆ ಪಿಸುಮಾತು ಬರುವುದಿಲ್ಲ. ‘ಯಾರಿಗೂ ಹೇಳ್ಬೇಡ’ ಎಂಬ ಮಾತನ್ನೂ ನಾವು ಪಕ್ಕದ ಮನೆಗೆ ಕೇಳುವ ಹಾಗೆ ಕೂಗಿಯೇ ಹೇಳುತ್ತೇವೆ. ನನ್ನ ಹೆಂಡತಿ ಸುಮ ನೆಲಮಂಗಲದ ಕಡೆಯವಳು. ಮದುವೆಯಾದ ಹೊಸದರಲ್ಲಿ ಒಂದು ದಿನ ಅವಳಿಗೆ ಏನೋ ಪ್ರೀತಿಯ ಮಾತು ಹೇಳಿದೆ. ಕೇಳಿಸಲಿಲ್ಲ ಎಂದು ಕಿವಿಯ ಹತ್ತಿರ ಕೈಯಿಟ್ಟಳು. ಸ್ವಲ್ಪ ಜೋರಾಗಿ ಹೇಳಿದೆ. ಆಗಲೂ ಕೇಳಿಸಲಿಲ್ಲ. ಕೊನೆಗೆ ಗಂಟಲು ಹರಿಯುವಂತೆ ಕೂಗಿದೆ. ಸರಿಯಾಗಿ ಅದೇ ಗಳಿಗೆಯಲ್ಲಿ ಕರೆಂಟು ಹೋಯಿತು. ಇವತ್ತಿಗೂ ಎದುರು ಮನೆಯ ಅಜ್ಜಿ ನನ್ನನ್ನು ಕಂಡರೆ ಸೆರಗನ್ನು ಬಾಯಿಗಿಟ್ಟುಕೊಂಡು ನಗುತ್ತಾರೆ.

ಇಂಥ ಬೀದಿಯಲ್ಲಿ ಬೆಳೆದ ನಾನು ಹೋದ ವರ್ಷ ಒಂದು ಗುಟ್ಟನ್ನು ಯಾರಿಗೂ ತಿಳಿಯದಂತೆ ಕಾಪಾಡುತ್ತೇನೆಂದು ಹೊರಟೆ. ಅದೂ ಕಂಪ್ಯೂಟರನ್ನು ನಂಬಿಕೊಂಡು.

ನನ್ನ ಕೆಲಸ ಸೀರೆಗಳಿಗೆ ಚಿತ್ತಾರ ಬರೆಯುವುದು. ಅಂಚಿನ ಮಾವಿನಕಾಯಿ, ಸೆರಗಿನ ನವಿಲು, ಒಡಲಿನ ಬುಟ್ಟಾ, ಇವೆಲ್ಲ ಆಕಾಶದಿಂದ ಬೀಳುವುದಿಲ್ಲ. ನನ್ನಂಥವರು ಎಲ್ಲೋ ಕೂತು ಚೌಕ ಚೌಕವಾಗಿ ತುಂಬಿರುತ್ತೇವೆ. ಮೊದಲು ಗ್ರಾಫ್ ಕಾಗದದ ಮೇಲೆ ಬರೆಯುತ್ತಿದ್ದೆ, ಈಗ ಕಂಪ್ಯೂಟರಿನಲ್ಲಿ. ಮನೆಯ ಮಗ್ಗಗಳನ್ನು ನೋಡಿಕೊಳ್ಳುತ್ತಿದ್ದವಳು ನನ್ನ ಅಕ್ಕ ಜಯಮ್ಮ. ಅಪ್ಪ ತೀರಿಕೊಂಡಾಗ ನಾನಿನ್ನೂ ಶಾಲೆಗೆ ಹೋಗುತ್ತಿದ್ದೆ. ಅಕ್ಕ ಮಗ್ಗದ ಮುಂದೆ ನಿಂತಳು. ಅಮ್ಮನನ್ನು ಕೊನೆಯವರೆಗೂ ನೋಡಿಕೊಂಡಳು, ನನ್ನನ್ನು ಓದಿಸಿದಳು, ನನಗೆ ಹೆಣ್ಣು ಹುಡುಕಿದಳು. ತನಗೆ ಬಂದ ಗಂಡುಗಳನ್ನೆಲ್ಲ ‘ಈಗ್ಲೇ ಏನ್ ಅವಸರ’ ಎಂದು ಸಾಗಹಾಕಿದಳು. ಅವಸರವಿಲ್ಲ ಎನ್ನುತ್ತಲೇ ಅವಳ ಕೂದಲು ಬೆಳ್ಳಗಾಗತೊಡಗಿತು. ಆ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತದ ಕಾಲವೂ ಬಂತು.

ಹೀಗಿರುವಾಗ ನಮ್ಮ ಮಗ್ಗಗಳ ಮೋಟಾರು ಪದೇ ಪದೇ ಸುಡತೊಡಗಿತು. ವೋಲ್ಟೇಜ್ ಸರಿಯಿಲ್ಲವೆಂದು ನಾನು ವಿದ್ಯುತ್ ಕಚೇರಿಗೆ ಅರ್ಜಿ ಕೊಟ್ಟೆ, ಸ್ಟೆಬಿಲೈಸರ್ ತಂದೆ, ವೈರಿಂಗ್ ಬದಲಾಯಿಸಿದೆ. ಮೋಟಾರು ಕಟ್ಟಿಕೊಡಲು ಸಾಸಲಿನಿಂದ ಗಂಗಾಧರಪ್ಪ ಎಂಬವರು ಬರುತ್ತಿದ್ದರು. ಅಲ್ಲಿ ಅವರದೊಂದು ಮೋಟಾರ್ ವೈಂಡಿಂಗ್ ಅಂಗಡಿಯಿದೆ. ಹೆಂಡತಿ ತೀರಿಕೊಂಡು ವರ್ಷಗಳಾದ, ಮಕ್ಕಳಿಲ್ಲದ, ಹೆಚ್ಚು ಮಾತಾಡದ ಮನುಷ್ಯ. ಬಂದರೆ ಮೋಟಾರು ಬಿಚ್ಚುವುದು, ತಾಮ್ರದ ತಂತಿ ನೋಡುವುದು, ಅಕ್ಕ ಕೊಟ್ಟ ಕಾಫಿ ಕುಡಿಯುವುದು, ಹೋಗುವುದು. ಒಂದು ಸಂಜೆ ಸುಮ ನನ್ನನ್ನು ಕರೆದು, “ರೀ, ನೀವು ವೈರಿಂಗ್ ನೋಡಿದ್ದು ಸಾಕು. ಸ್ವಲ್ಪ ನಿಮ್ಮಕ್ಕನ ಮುಖ ನೋಡಿ” ಎಂದಳು. ನೋಡಿದೆ. ಗಂಗಾಧರಪ್ಪನವರು ಬರುವ ದಿನ ಅಕ್ಕ ತಲೆಗೆ ಹೂ ಮುಡಿದಿರುತ್ತಿದ್ದಳು. ಚೆನ್ನಾಗಿಯೇ ತಿರುಗುತ್ತಿದ್ದ ಮೋಟಾರನ್ನೂ, “ಯಾಕೋ ಸದ್ದು ಬೇರೆ ಥರ ಬರ್ತೈತೆ, ಫೋನ್ ಮಾಡೋ” ಎನ್ನುತ್ತಿದ್ದಳು.

ನಾನೇ ಸಾಸಲಿಗೆ ಹೋಗಿ ಮಾತಾಡಿದೆ. ಗಂಗಾಧರಪ್ಪನವರು ಸ್ಕ್ರೂಡ್ರೈವರನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸುತ್ತಾ, “ನಾನೇ ಕೇಳೋಣ ಅಂತಿದ್ದೆ ಮಂಜಣ್ಣ. ಮೋಟಾರ್ ನೆಪ ಎಷ್ಟು ದಿನ ಹೇಳಾದು” ಎಂದರು. ಹಾಗಾದರೆ ಆ ಕಡೆಯಿಂದಲೂ ನೆಪವಿತ್ತು! ನಮ್ಮ ಮನೆಯ ವೋಲ್ಟೇಜ್ ಬಗ್ಗೆ ನನಗಿದ್ದ ಅನುಮಾನ ಅವತ್ತಿಗೆ ಪೂರ್ತಿ ಹೋಯಿತು. ಮಾಘದಲ್ಲಿ ಘಾಟಿಯ ದೇವಸ್ಥಾನದಲ್ಲಿ ಮದುವೆ, ಬಂದು ಮನೆಯಲ್ಲಿ ಊಟ, ಆಡಂಬರ ಬೇಡ ಎಂದು ಅಕ್ಕನೇ ತೀರ್ಮಾನಿಸಿದಳು.

ಆಗ ನನ್ನ ತಲೆಗೆ ಸೀರೆಯ ಯೋಚನೆ ಬಂತು. ಇಷ್ಟು ವರ್ಷ ಸೀರೆ ನೇಯ್ದ ಅಕ್ಕ ಒಂದು ಒಳ್ಳೆಯ ಸೀರೆ ಉಟ್ಟಿದ್ದನ್ನು ನಾನು ಕಂಡಿಲ್ಲ. ಎಳೆ ತಪ್ಪಿದ್ದು, ಜರಿ ಎದ್ದದ್ದು, ಸೆರಗಿನ ನವಿಲಿಗೆ ಕೊಕ್ಕು ಮೂಡದೆ ಹೋದದ್ದು, ಹೀಗೆ ವ್ಯಾಪಾರಿಗಳು ವಾಪಸ್ಸು ಮಾಡಿದ ಸೀರೆಗಳೇ ಅವಳ ಪೆಟ್ಟಿಗೆ ಸೇರುತ್ತಿದ್ದವು. “ದೂರದಿಂದ ಯಾರಿಗ್ ಕಾಣುತ್ತೋ” ಎಂದು ಉಟ್ಟುಕೊಂಡು ಮದುವೆ ಮುಂಜಿಗೆ ಹೊರಡುತ್ತಿದ್ದಳು. ಅವಳ ಮದುವೆಗೆ ಒಂದು ಸೀರೆ ನಾನೇ ಬರೆಯುತ್ತೇನೆ. ಅಂಥ ಇನ್ನೊಂದು ಸೀರೆ ಲೋಕದಲ್ಲೇ ಇರಕೂಡದು. ಅವಳಿಗೂ ಕೊಡುವವರೆಗೆ ಗೊತ್ತಾಗಕೂಡದು. ಹೀಗೆಂದು ಶಪಥ ಮಾಡಿದೆ. ಅಂಚಿಗೆ ಮಾವು, ನವಿಲು, ಹಂಸ ಯಾವುದೂ ಬೇಡವೆನಿಸಿತು. ಅಕ್ಕನಿಗೆ ಅವರೆಕಾಯಿ ಎಂದರೆ ಪ್ರಾಣ. ಸೊಗಡು ಅವರೆ ಬಂತೆಂದರೆ ಮಗ್ಗ ನಿಲ್ಲಿಸಿ ಸುಲಿಯಲು ಕೂರುತ್ತಾಳೆ. ಅದಕ್ಕೇ ಅವರೆಯ ಬಳ್ಳಿ ಬರೆದೆ. ಅರಿಶಿನ ಬಣ್ಣದ ಒಡಲು, ಅಂಚಿನುದ್ದಕ್ಕೂ ಹಸಿರು ಬಳ್ಳಿ, ಬಿಳಿ ಮತ್ತು ತಿಳಿ ನೇರಳೆಯ ಪುಟ್ಟ ಹೂ, ಅಲ್ಲಲ್ಲಿ ಬಾಗಿದ ಕಾಯಿ. ಸುಮ ಕಂಪ್ಯೂಟರಿನ ಮೇಲೆ ಬಗ್ಗಿ ನೋಡಿ, “ಮದುವೆ ಸೀರೆ ಮೇಲೆ ಯಾರಾದ್ರೂ ಸಾರಿಗೆ ಹಾಕೋದನ್ನ ಬರೀತಾರೇನ್ರೀ?” ಎಂದಳು. ಆದರೆ ಅವಳೇ ಹೂವಿನ ನೇರಳೆಯನ್ನು ಇನ್ನಷ್ಟು ತಿಳಿ ಮಾಡಿಸಿದಳು.

ಇನ್ನು ಗುಟ್ಟಿನ ವಿಷಯ. ನಮ್ಮ ಮಗ್ಗದಲ್ಲೇ ನೇಯಿಸಿದರೆ ಅಕ್ಕನ ಕಣ್ಣಿಗೆ ಬೀಳುತ್ತದೆ. ಎರಡು ಬೀದಿ ಆಚೆ ಇರುವ ಗೆಳೆಯ ವೆಂಕಟೇಶನ ಶೆಡ್ಡಿನಲ್ಲಿ ಹೊಸ ಎಲೆಕ್ಟ್ರಾನಿಕ್ ಮಗ್ಗವಿದೆ. ಅದಕ್ಕೆ ಹಳೆಯ ಕಾಲದ ತೂತು ಹೊಡೆದ ರಟ್ಟುಗಳು ಬೇಡ. ಇಂಟರ್‌ನೆಟ್ಟಿನಲ್ಲೇ ಚಿತ್ತಾರ ಕಳಿಸಿದರೆ ನೇಯುತ್ತದೆ. ಇಲ್ಲಿ ಸ್ವಲ್ಪ ನನ್ನ ವ್ಯವಸ್ಥೆಯನ್ನು ಹೇಳಬೇಕು. ನಾನು ಚಿತ್ತಾರ ಬರೆಯುವುದು ಒಂದು ಕಂಪನಿಯ ಕ್ಲೌಡಿನಲ್ಲಿ. ಬರೆದದ್ದು ಭದ್ರವಾಗಿ ಕೂರುವುದು ಇನ್ನೊಂದು ಕಂಪನಿಯ ಕ್ಲೌಡಿನಲ್ಲಿ. ಅಲ್ಲಿಂದ ಮಗ್ಗಕ್ಕೆ ಹೋಗಬೇಕಾದರೆ ಮಗ್ಗದ ಕಂಪನಿಯದೇ ಮೂರನೆಯ ಕ್ಲೌಡು. ಕ್ಲೌಡ್ ಎಂದರೆ ಮೋಡ. ಹೆಸರಿಗೆ ಮೋಡವಾದರೂ ಅದು ಎಲ್ಲೋ ನೆಲದ ಮೇಲಿರುವ ಬೇರೆಯವರ ಕಂಪ್ಯೂಟರುಗಳ ಕೊಠಡಿಯಂತೆ. ನಮ್ಮ ವಸ್ತುವನ್ನು ಬೇರೆಯವರ ಮನೆಯಲ್ಲಿಟ್ಟು ನೆಮ್ಮದಿಯಾಗಿರುವುದೇ ಈಗಿನ ಕಾಲದ ಭದ್ರತೆ.

ಭದ್ರತೆಯಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ದೊಡ್ಡ ಅಕ್ಷರ, ಸಣ್ಣ ಅಕ್ಷರ, ಅಂಕಿ, ಚುಕ್ಕಿ ಎಲ್ಲ ಸೇರಿಸಿ ಒಂದೊಂದು ಕಡೆಗೂ ಒಂದೊಂದು ಪಾಸ್‌ವರ್ಡ್ ಮಾಡಿದ್ದೆ. ಎಷ್ಟು ಭದ್ರವೆಂದರೆ ನನಗೇ ಒಳಗೆ ಹೋಗಲು ಆಗುತ್ತಿರಲಿಲ್ಲ. ಅಕ್ಕನ ಚಿತ್ತಾರ ಬರೆದ ಕಡೆ ‘ಖಾಸಗಿ’ ಎಂಬ ಗುಂಡಿಯನ್ನು ಒತ್ತಿ, ಒತ್ತಿದ್ದೇನೆಯೋ ಇಲ್ಲವೋ ಎಂದು ಮತ್ತೆ ನೋಡಿ, ಸುಮಳನ್ನೂ ಕರೆದು ತೋರಿಸಿದೆ. ಆಮೇಲೆ ಆ ಮೂರು ಕಂಪನಿಗಳು ಒಂದರ ಬಗ್ಗೆ ಒಂದು ನನ್ನನ್ನು ಕೇಳತೊಡಗಿದವು. ಎರಡನೆಯವರು ನಿಮ್ಮ ಫೈಲುಗಳನ್ನು ನೋಡಬಹುದೇ? ಮೂರನೆಯವರು ಎರಡನೆಯವರಿಂದ ತೆಗೆದುಕೊಳ್ಳಬಹುದೇ? ಎರಡನೆಯವರು ಮೊದಲನೆಯವರಿಗೆ ತಿಳಿಸಬಹುದೇ? ಹೆಣ್ಣಿನ ಕಡೆಯವರೂ ಗಂಡಿನ ಕಡೆಯವರೂ ನೆಂಟಸ್ತಿಕೆ ಕುದುರಿಸುವಂತೆ ಇಷ್ಟು ಮರ್ಯಾದೆಯಾಗಿ ಕೇಳುವಾಗ ಬೇಡವೆನ್ನಲು ಯಾರಿಗೆ ಮನಸ್ಸು ಬರುತ್ತದೆ? ಎಲ್ಲದಕ್ಕೂ ‘ಒಪ್ಪಿಗೆ’ ಒತ್ತಿದೆ. ವೆಂಕಟೇಶ ತನ್ನ ಶೆಡ್ಡಿನಲ್ಲಿ ತಾನೇ ನಿಂತು ನೇಯ್ದುಕೊಟ್ಟ. ಅಪ್ಪಟ ರೇಷ್ಮೆ. ಸೀರೆಯನ್ನು ಹಳೆಯ ಪಂಚೆಯಲ್ಲಿ ಸುತ್ತಿ ಬೀರುವಿನ ಮೇಲಿಟ್ಟೆ. ಗುಟ್ಟು ಉಳಿಯಿತು ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಕಾರ್ತಿಕ ಕಳೆದ ಮೇಲೆ ಮಗ್ಗದ ಕಂಪನಿಯವರು ದೇವನಹಳ್ಳಿಯ ಹತ್ತಿರದ ಒಂದು ದೊಡ್ಡ ಹೋಟೆಲಿನಲ್ಲಿ ಗಿರಾಕಿಗಳ ಸಭೆ ಕರೆದರು. ಸಭೆಯ ವಿಷಯವೇ, ಮೂರು ಕ್ಲೌಡುಗಳು ಕೈಜೋಡಿಸಿರುವುದರಿಂದ ನೇಕಾರರಿಗೆ ಆಗುವ ಅನುಕೂಲಗಳು. ನಾನೂ ವೆಂಕಟೇಶನೂ ಇಸ್ತ್ರಿ ಅಂಗಿ ತೊಟ್ಟು ಬಸ್ಸಿನಲ್ಲಿ ಹೋದೆವು. ತಲೆಯ ಮೇಲೆ ವಿಮಾನಗಳು ಇಳಿಯುತ್ತಿದ್ದವು. ಹೋಟೆಲಿನ ಗಾಜಿನ ಬಾಗಿಲು ತಾನಾಗಿಯೇ ತೆರೆಯಿತು. ಒಳಗೆ ಸಾಲಾಗಿ ನಿಂತಿದ್ದ ಹುಡುಗಿಯರು ಕೈಮುಗಿದು, “ವೆಲ್‌ಕಮ್ ಸರ್” ಎಂದರು. ನಾನೂ ಕೈಮುಗಿದೆ. ಮುಗಿದ ಕೈ ಹಾಗೇ ನಿಂತುಬಿಟ್ಟಿತು.

ಎಲ್ಲರೂ ಬೂದು ಬಣ್ಣದ ಸೀರೆ ಉಟ್ಟಿದ್ದರು. ಎಲ್ಲರ ಅಂಚಿನಲ್ಲೂ ಅಕ್ಕನ ಅವರೆ ಬಳ್ಳಿ. ಅದೇ ಹೂ, ಅದೇ ಬಾಗಿದ ಕಾಯಿ, ಸುಮ ತಿಳಿ ಮಾಡಿಸಿದ ಅದೇ ನೇರಳೆ.

“ಏನಮ್ಮಾ, ಈ ಸೀರೆ ಎಲ್ಲಿ ಸಿಕ್ತು ನಿಮಗೆ?” ಎಂದು ತುದಿಯಲ್ಲಿದ್ದ ಹುಡುಗಿಯನ್ನು ಕೇಳಿದೆ.

“ಯೂನಿಫಾರ್ಮ್ ಸರ್. ಹೊಸದಾಗಿ ಕೊಟ್ಟಿದ್ದಾರೆ. ಬೀನ್ಸ್ ಬಾರ್ಡರ್ ಅಂತ, ಈಗ ತುಂಬಾ ಓಡ್ತಿದೆ.”

ಬೀನ್ಸ್! ಕದ್ದದ್ದಕ್ಕಿಂತ ಅದನ್ನು ಬೀನ್ಸ್ ಎಂದದ್ದು ನನಗೆ ಹೆಚ್ಚು ನೋವು ಮಾಡಿತು ಎಂದರೆ ನೀವು ನಂಬಬೇಕು. ತಿರುಗಿ ವೆಂಕಟೇಶನನ್ನು ನೋಡಿದೆ. ಚಿತ್ತಾರ ನನ್ನನ್ನು ಬಿಟ್ಟರೆ ಅವನ ಕೈಗೆ ಮಾತ್ರ ಹೋಗಿತ್ತು. ಜೊತೆಯಲ್ಲಿ ಗೋಲಿ ಆಡಿದವನು, ಒಂದೇ ಸೈಕಲಿನಲ್ಲಿ ಶಾಲೆಗೆ ಹೋದವನು, ಇವನೇ ಮಾರಿಬಿಟ್ಟನೇ ಎಂದು ಎದೆ ಒಡೆದಂತಾಯಿತು. ಅವನು ಅಷ್ಟರಲ್ಲಿ ಉಚಿತವಾಗಿ ಇಟ್ಟಿದ್ದ ವಡೆಯೊಂದನ್ನು ಬಾಯಿಗಿಟ್ಟುಕೊಂಡಿದ್ದ. ಹುಡುಗಿಯರನ್ನು ನೋಡಿದ, ವಡೆ ಬಾಯಲ್ಲೇ ನಿಂತಿತು.

“ಗುರು,” ಎಂದ, “ಇದು ನಮ್ಮ ಜಯಕ್ಕನ ಸೀರೆ ಅಲ್ವೇನೋ? ಯಾವ ಬಡ್ಡೀಮಗ ಕದ್ದಿದ್ದು?”

ಅವನ ಮುಖ ನನಗಿಂತ ಕೆಂಪಾಗಿತ್ತು. ಅನುಮಾನ ಪಟ್ಟದ್ದಕ್ಕೆ ನಾಚಿಕೆಯಾಗಿ ನನ್ನ ಪಾಲಿನ ವಡೆಯನ್ನೂ ಅವನಿಗೇ ಕೊಟ್ಟುಬಿಟ್ಟೆ.

ಸಭೆಯಲ್ಲಿ ವೇದಿಕೆಯ ಮೇಲಿದ್ದವರು ಮೂರು ಕ್ಲೌಡುಗಳ ಗೆಳೆತನವನ್ನು ಬಣ್ಣಿಸುತ್ತಿದ್ದರು. ಪರದೆಯ ಮೇಲೆ ಮೂರು ಬಿಳಿ ಮೋಡಗಳು ಕೈಕೈ ಹಿಡಿದು ನಗುತ್ತಿದ್ದವು. ಪ್ರಶ್ನೆ ಕೇಳಬಹುದು ಎಂದ ಕೂಡಲೇ ನಾನು ಎದ್ದು ನಿಂತೆ. ಮಗ್ಗದ ಬೀದಿಯ ಗಂಟಲು, ಮೈಕು ಬೇಕಾಗಲಿಲ್ಲ. “ನಮ್ಮಕ್ಕನ ಮದುವೆ ಸೀರೆ ನಿಮ್ಮ ಬಾಗಿಲಲ್ಲಿ ಸಾಲಾಗಿ ನಿಂತೈತಲ್ಲ ಸ್ವಾಮಿ, ಇದಕ್ಕೆ ಏನ್ ಹೇಳ್ತೀರಾ?” ಎಂದೆ. ವೇದಿಕೆಯವರು ಗಾಬರಿಯಾಗಿ, ನೀರು ಕುಡಿದು, ತಮ್ಮ ಕಡೆ ಎಲ್ಲವೂ ಸಂಪೂರ್ಣ ಸುರಕ್ಷಿತ ಎಂದರು. ವೇದಿಕೆಯಿಂದ ಇಳಿದು ಬಂದವಳು ರಶ್ಮಿ ಎಂಬ ಹುಡುಗಿ. ಮಗ್ಗದ ಕಂಪನಿಯಲ್ಲಿ ಈ ಭದ್ರತೆಯ ಕೆಲಸವನ್ನೇ ನೋಡಿಕೊಳ್ಳುವವಳಂತೆ. ನನ್ನನ್ನೂ ವೆಂಕಟೇಶನನ್ನೂ ಒಂದು ಮೂಲೆಯ ಮೇಜಿಗೆ ಕರೆದೊಯ್ದು, ನನ್ನ ಖಾತೆಯನ್ನು ತೆರೆಸಿ, ಬಹಳ ಹೊತ್ತು ನೋಡಿದಳು.

“ಸರ್, ನೀವು ಖಾಸಗಿ ಅಂತ ಒತ್ತಿದ್ದು ಬರೆಯೋ ಕಂಪನೀಲಿ. ಅಲ್ಲಿ ಖಾಸಗಿ ಅಂದ್ರೆ ನೀವು ಒಬ್ರೇ. ಎರಡನೇ ಕಂಪನೀಲಿ ಖಾಸಗಿ ಅಂದ್ರೆ ನೀವು, ಮತ್ತೆ ನೀವು ಒಪ್ಪಿಗೆ ಕೊಟ್ಟ ಕಂಪನಿಗಳು. ನಮ್ಮಲ್ಲಿಗೆ ಬರೋವಾಗ ಚಿತ್ತಾರ ಮಾತ್ರ ಬಂತು. ನೀವು ಹಾಕಿದ ಬೀಗ ಅದರ ಜೊತೆ ಬರ್ಲಿಲ್ಲ.”

“ಬೀಗ ಇಲ್ದಿದ್ರೆ?”

“ನಮ್ಮಲ್ಲಿ ಬೀಗ ಇಲ್ದೆ ಬಂದಿದ್ದೆಲ್ಲ ಎಲ್ಲಾ ಮಗ್ಗಗಳಿಗೂ ಕಾಣೋ ಮಾದರಿಗಳ ಜಾಗಕ್ಕೆ ಹೋಗುತ್ತೆ. ಯಾರು ಬೇಕಾದ್ರೂ ಆರಿಸ್ಕೊಂಡು ನೇಯ್ಬೋದು. ನೇಯ್ದಿರೋರು ಕದ್ದಿಲ್ಲ ಸರ್. ಬಿಟ್ಟಿ ಮಾದರಿ ಅಂದ್ಕೊಂಡಿದ್ದಾರೆ.”

“ಹಂಗಾದ್ರೆ ತಪ್ಪು ಯಾರ್ದಮ್ಮಾ?”

“ಅದೇ ಸರ್ ಕಷ್ಟ. ಮೂರು ಮನೇಲೂ ಕಳ್ಳತನ ಆಗಿಲ್ಲ. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗೋ ದಾರೀಲಿ ಆಗಿದೆ. ದಾರಿ ಯಾರ್ದು ಅಂತ ನಾವು ಮೂರು ಕಂಪನಿಯೋರು ಯಾವತ್ತೂ ಕೂತು ಮಾತಾಡಿಲ್ಲ. ಕ್ಷಮಿಸಿ ಸರ್.”

ಅವಳು ಹಾಗೆ ನೇರವಾಗಿ ಕ್ಷಮೆ ಕೇಳಿದ್ದರಿಂದ ನನ್ನ ಅರ್ಧ ಸಿಟ್ಟು ಅಲ್ಲೇ ಇಳಿಯಿತು. ಉಳಿದರ್ಧವನ್ನು ಇಟ್ಟುಕೊಂಡು ಮಿಕ್ಕ ಎರಡು ಕಂಪನಿಗಳಿಗೆ ಫೋನು ಮಾಡಿದೆ. ಎರಡರಲ್ಲೂ ಸಂಗೀತ ಕೇಳಿಸಿದರು, ನಮ್ಮ ಕಡೆ ಏನೂ ತೊಂದರೆಯಿಲ್ಲ ಎಂದರು, ಬೇರೆ ಏನಾದರೂ ಸಹಾಯ ಬೇಕೇ ಎಂದು ಕೇಳಿದರು. ಆ ಚಿತ್ತಾರವನ್ನು ಎಲ್ಲಾ ಮಗ್ಗಗಳಿಂದಲೂ ತೆಗೆದುಹಾಕಬೇಕೆಂದು ರಶ್ಮಿಯ ಹತ್ತಿರ ದೂರು ಬರೆಸಿದೆ. ಮೂರು ಕಂಪನಿಗಳೂ ಒಪ್ಪಬೇಕು, ಸ್ವಲ್ಪ ಸಮಯ ಹಿಡಿಯುತ್ತದೆ ಎಂದಳು.

ಮನೆಗೆ ಬಂದು ಸುಮಳಿಗೆ ಹೇಳಿದರೆ ಅವಳು ಬೈಯುತ್ತಾಳೆಂದುಕೊಂಡಿದ್ದೆ. ಬೈಯಲಿಲ್ಲ. ನನ್ನ ಪಕ್ಕ ಕೂತು, “ಅತ್ಗೆಗೆ ಗೊತ್ತಾಗೋದು ಬೇಡ. ಮದ್ವೆ ಆಗೋವರ್ಗೂ ಪೇಟೆ ಕಡೆ ಹೋಗ್ದಂಗೆ ನೋಡ್ಕೊಳ್ಳೋಣ” ಎಂದಳು. ಅವತ್ತಿನಿಂದ ನಾವಿಬ್ಬರೂ ಅಕ್ಕನ ಕಾವಲಿಗೆ ನಿಂತೆವು. ಅಕ್ಕ ಬಳೆ ತರಲು ಹೊರಟರೆ ನಾನೇ ತರುತ್ತೇನೆ ಎಂದೆ. ಅಳತೆ ಸಾಲದೆ ಮೂರು ಸಲ ಬದಲಾಯಿಸಿದೆ. ಅವಳು ಕುಂಕುಮ ಎಂದರೆ ಸುಮ ಓಡಿದಳು. “ಏನ್ರೋ ಇಬ್ರೂ, ನನ್ನ ಮನೆಯಿಂದ ಹೊರಗೇ ಬಿಡ್ದೆ ಕೂಡಿ ಹಾಕ್ತೀರಾ? ನಾನೇನ್ ಓಡಿಹೋಗ್ತೀನಾ?” ಎಂದು ಅಕ್ಕ ನಕ್ಕಳು. ನಾವು ಹೀಗೆ ಮುಂದಿನ ಬಾಗಿಲು ಕಾಯುತ್ತಿದ್ದಾಗಲೇ ಸೀರೆ ತಾನಾಗಿಯೇ ಮನೆಗೆ ಬಂತು.

ಒಂದು ಭಾನುವಾರ ಗಂಗಾಧರಪ್ಪನವರು ಬಂದರು. ಅವತ್ತು ಮೋಟಾರಿನ ಚೀಲವಿರಲಿಲ್ಲ, ಒಂದು ಬಟ್ಟೆಯ ಕೈಚೀಲವಿತ್ತು. ಕುರ್ಚಿಯ ಅಂಚಿನಲ್ಲಿ ಕೂತು, ಕಾಫಿ ಕುಡಿದು, ಲೋಟವನ್ನು ಕೆಳಗಿಟ್ಟು, ಮತ್ತೆ ಎತ್ತಿಕೊಂಡು, ಖಾಲಿಯೆಂದು ಗೊತ್ತಾಗಿ ಮತ್ತೆ ಇಟ್ಟರು. ಆಮೇಲೆ ಚೀಲವನ್ನು ಅಕ್ಕನ ಮುಂದೆ ಸರಿಸಿದರು.

“ಧಾರೆ ಸೀರೆ ನಮ್ಮ ಕಡೇದು ಅಲ್ವಾ. ನಂಗೆ ಇದೆಲ್ಲ ಗೊತ್ತಾಗಲ್ಲ. ಪೇಟೇಲಿ ಅಂಗಡಿ ಮುಂದೆ ಗೊಂಬೆಗೆ ಉಡಿಸಿದ್ರು, ಕಣ್ಣಿಗ್ ಬಿತ್ತು. ಅಂಗಡಿಯೋನು ಬೀನ್ಸು ಬಾರ್ಡರ್ ಅಂದ. ಯಾವ ಸೀಮೆ ಬೀನ್ಸಯ್ಯಾ, ಹೂ ನೋಡಿದ್ರೆ ಗೊತ್ತಾಗಲ್ವಾ, ಇದು ಅವರೆ ಅಂದೆ. ನಿಮಗೆ ಅವರೆ ಅಂದ್ರೆ ಇಷ್ಟ ಅಲ್ವಾ, ಅದಕ್ಕೇ...” ಅವರು ನಮ್ಮ ಮನೆಗೆ ಬರತೊಡಗಿದಾಗಿನಿಂದ ಅಷ್ಟೊಂದು ಮಾತನ್ನು ಒಟ್ಟಿಗೆ ಆಡಿದ್ದು ಅದೇ ಮೊದಲು.

ಸುಮ ನನ್ನ ತೋಳನ್ನು ಚಿವುಟಿದಳು. ನನಗೆ ಚಿವುಟಿದ್ದೂ ತಿಳಿಯಲಿಲ್ಲ. ಹೋಟೆಲಿನವರು, ಅಂಗಡಿಯವರು, ಉಟ್ಟವರು, ಮಾರಿದವರು ಯಾರಿಗೂ ಕಾಣದಿದ್ದ ಅವರೆ ಈ ಮನುಷ್ಯನಿಗೆ ಕಂಡಿತ್ತು. ಅಕ್ಕ ಸೀರೆಯನ್ನು ಮಡಿಲಲ್ಲಿ ಹರಡಿಕೊಂಡಳು. ನೇಯುವವರ ಅಭ್ಯಾಸ, ಮೊದಲು ಹಿಂಬದಿ ತಿರುಗಿಸಿ ನೋಡಿದಳು. ಆಮೇಲೆ ಅಂಚಿನ ಮೇಲೆ ನಿಧಾನವಾಗಿ ಬೆರಳಾಡಿಸಿದಳು. ಒಂದು ಕಡೆ ಬೆರಳು ನಿಂತಿತು. ತಲೆಯೆತ್ತಿ ನನ್ನನ್ನೇ ನೋಡಿದಳು. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ರಾಹುಕಾಲ ಹುಡುಕತೊಡಗಿದೆ. ಅವಳು ಗಂಗಾಧರಪ್ಪನವರ ಕಡೆ ತಿರುಗಿ, “ಬೋ ಚೆನ್ನಾಗೈತೆ. ನಾನೇ ಆರಿಸಿದ್ರೂ ಇಷ್ಟು ಚೆನ್ನಾಗಿರೋದು ಸಿಕ್ತಿರ್ಲಿಲ್ಲ” ಎಂದಳು. ಆ ಮನುಷ್ಯ ಸಂತೋಷದಲ್ಲಿ ಖಾಲಿ ಲೋಟವನ್ನು ಇನ್ನೊಮ್ಮೆ ಬಾಯಿಗಿಟ್ಟುಕೊಂಡರು.

ಅವರ ಸ್ಕೂಟರಿನ ಸದ್ದು ತಿರುವು ದಾಟುವವರೆಗೆ ಅಕ್ಕ ಬಾಗಿಲಲ್ಲಿ ನಿಂತಿದ್ದು ಒಳಗೆ ಬಂದಳು.

“ಲೋ ಮಂಜ, ಇದು ನೀನ್ ಬರ್ದಿದ್ದು ಅಲ್ವೇನೋ?”

“ನಿಂಗ್ ಹೆಂಗ್ ಗೊತ್ತಾಯ್ತು?”

“ಬಳ್ಳಿ ಸುತ್ತಿರೋದ್ ನೋಡು. ನೀನು ಎಡಗೈಲಿ ಬರಿಯೋನು. ಸ್ಲೇಟ್ ಮೇಲೆ ಬಳ್ಳಿ ಬರೆದ್ರೂ ಹಿಂಗೇ ಉಲ್ಟಾ ಸುತ್ತಿಸ್ತಿದ್ದೆ. ಕೈ ಹಿಡಿದು ತಿದ್ದಿ ತಿದ್ದಿ ನಂಗೆ ಸಾಕಾಗಿತ್ತು.”

ಭಾನುವಾರವಾದ್ದರಿಂದ ಮಗ್ಗಗಳು ನಿಂತಿದ್ದವು. ಬೀದಿಯೆಲ್ಲ ನಿಶ್ಶಬ್ದ. ನಾನು ಕುರ್ಚಿ ಹತ್ತಿ ಬೀರುವಿನ ಮೇಲಿದ್ದ ಗಂಟನ್ನು ಇಳಿಸಿ ಅವಳ ಮುಂದಿಟ್ಟೆ. ಬಿಚ್ಚಿದಳು. ಅದೇ ಅರಿಶಿನ, ಅದೇ ಅಂಚು. ಇದು ಅಪ್ಪಟ ರೇಷ್ಮೆ, ಅದು ಕೃತಕ ರೇಷ್ಮೆ, ಅಷ್ಟೇ ವ್ಯತ್ಯಾಸ. ನಾನು ಮೂರು ಕ್ಲೌಡುಗಳ ಕಥೆಯನ್ನು ಮೊದಲಿನಿಂದ ಹೇಳತೊಡಗಿದೆ. ಬೀಗ ಎಲ್ಲಿ ಹಾಕಿದ್ದೆ, ಅದು ಎಲ್ಲಿ ಬಿದ್ದುಹೋಯಿತು, ಒಬ್ಬರ ಖಾಸಗಿ ಇನ್ನೊಬ್ಬರಿಗೆ ಹೇಗೆ ಅರ್ಥವಾಗಲಿಲ್ಲ, ಎಲ್ಲ. “ಯಾರ ಹತ್ರಾನೂ ಇಲ್ದಿರೋದು ನಿಂಗೆ ಕೊಡ್ಬೇಕು ಅಂತಿದ್ದೆ ಕಣಕ್ಕ. ಈಗ ದೇವನಹಳ್ಳಿ ಹೋಟೆಲ್‌ನೋರೆಲ್ಲ ಉಟ್ಕೊಂಡು ಓಡಾಡ್ತಾವ್ರೆ.”

ಅಕ್ಕ ಎರಡೂ ಸೀರೆಗಳನ್ನು ಮಡಿಲಲ್ಲಿಟ್ಟುಕೊಂಡು ನಕ್ಕಳು. ನಗುತ್ತಾ ಕಣ್ಣೊರೆಸಿಕೊಂಡಳು.

“ಹುಚ್ಚಪ್ಪ. ಯಾರ ಹತ್ರಾನೂ ಇಲ್ದಿರೋ ಸೀರೆ ನಾನು ಹುಟ್ಟಿದಾಗಿಂದ ಉಟ್ಟಿದ್ದೀನಿ ಕಣೋ. ಕೊಕ್ಕಿಲ್ಲದ ನವಿಲು ಇನ್ಯಾರ ಹತ್ರ ಐತೆ? ಅಂಗಡಿ ಮುಂದೆ ಗೊಂಬೆಗೆ ಉಡಿಸಿರ್ತಾರಲ್ಲ, ಎಲ್ರೂ ನೋಡಿ ಬೇಕು ಅಂತಾರಲ್ಲ, ಅಂಥಾದ್ದು ಒಂದ್ಸಲ ಉಡ್ಬೇಕು ಅಂತ ನಂಗಿತ್ತು. ನಾಕ್ ಜನದ್ ಥರ. ಅದ್ನ ಯಾರಿಗೋ ಹೇಳೋದು?”

ಸುಮ ಮೆಲ್ಲಗೆ ಅಕ್ಕನ ಪಕ್ಕ ಕೂತು ಅವಳ ಹೆಗಲಿಗೆ ತಲೆಯಿಟ್ಟಳು. ಅಷ್ಟು ವರ್ಷ ಅದೇ ಮನೆಯಲ್ಲಿ ಉಂಡು, ಅವಳು ಉಡುವ ಸೀರೆಗಳ ಅಂಚನ್ನೆಲ್ಲ ಬರೆದ ನಾನು, ಅವಳಿಗೆ ಏನು ಬೇಕೆಂದು ಒಂದು ಸಲವೂ ಕೇಳದೆ ಶಪಥ ಮಾಡಿದ್ದೆ.

“ಇನ್ನೊಂದು ಮಾತು,” ಎಂದಳು ಅಕ್ಕ, ಸೀರೆಗಳನ್ನು ಮಡಿಸುತ್ತಾ. “ಅವ್ರಿಗೆ ಇದ್ಯಾವ್ದೂ ಹೇಳ್ಬೇಡ. ತಾವೇ ಹುಡ್ಕಿದ್ದು ಅಂತ ಎಷ್ಟು ಖುಷಿಯಾಗಿದ್ರು ನೋಡ್ದೇನೋ? ಧಾರೆಗೆ ಅವ್ರದ್ದು ಉಡ್ತೀನಿ. ಅಲ್ಲಿಗ್ ಹೋಗೋವಾಗ ತವರಿನ ಸೀರೆ, ನಿಂದು.”

ಹಾಗೆಯೇ ಮಾಡಿದಳು. ಘಾಟಿಯಲ್ಲಿ ಧಾರೆಯಾಗುವಾಗ ಗಂಗಾಧರಪ್ಪನವರ ಸೀರೆ ಉಟ್ಟು, ತಲೆ ತಗ್ಗಿಸಿ, ಹದಿನೆಂಟರ ಹುಡುಗಿಯಂತೆ ನಾಚಿಕೊಂಡು ನಿಂತಿದ್ದಳು. ವೆಂಕಟೇಶ ಬಾಳೆಲೆ ಹಿಡಿದುಕೊಂಡೇ ಅತ್ತ. ಮನೆಗೆ ಬಂದು, ಊಟವಾಗಿ, ಸಾಸಲಿಗೆ ಹೊರಡುವ ಹೊತ್ತಿಗೆ ಒಳಗೆ ಹೋಗಿ ನನ್ನ ಸೀರೆ ಉಟ್ಟು ಬಂದಳು. ಬಾಗಿಲಲ್ಲಿ ನಿಂತು ನನ್ನ ಕಡೆ ನೋಡಿ, ಸೆರಗನ್ನು ಸ್ವಲ್ಪ ಎತ್ತಿ ತೋರಿಸಿದಳು. ನನಗೆ ಮಾತ್ರ. ಆ ಒಂದು ನೋಟಕ್ಕೆ ನಾನು ಬದುಕೆಲ್ಲ ಚೌಕ ತುಂಬಬಲ್ಲೆ.

ಆದರೆ ನೆಂಟರಿಗೆ ಈ ಸೂಕ್ಷ್ಮ ತಿಳಿಯಬೇಕಲ್ಲ. ಬೂದಿಗೆರೆಯಿಂದ ಬಂದಿದ್ದ ನಮ್ಮ ಸೋದರತ್ತೆ ಎಲೆಯಡಿಕೆ ಜಗಿಯುತ್ತಾ ಜಗುಲಿಯಲ್ಲಿ ಕೂತಿದ್ದವರು, ಎಲ್ಲರಿಗೂ ಕೇಳುವಂತೆ, “ಅಲ್ಲಾ ಮಂಜ, ಅಷ್ಟು ಮಾಡಿದ್ ಅಕ್ಕಂಗೆ ಒಂದು ತವರು ಸೀರೆ ತರಕ್ಕಾಗ್ಲಿಲ್ವೇನೋ ನಿಂಗೆ? ಬೆಳಿಗ್ಗೆ ಉಟ್ಟ ಸೀರೇಲೇ ಕಳಿಸ್ತಿದ್ದೀಯಲ್ಲ!” ಎಂದರು. ಸುತ್ತ ಕೂತವರೆಲ್ಲ ನನ್ನನ್ನು ನೋಡಿದರು. ವಿವರಿಸೋಣವೆಂದರೆ ಪಕ್ಕದಲ್ಲೇ ಭಾವ ನಿಂತಿದ್ದಾರೆ. “ಮರ್ತೋಯ್ತು ಅತ್ತೆ” ಎಂದೆ. ಮರೆತುಹೋಯಿತಂತೆ ಎಂದು ಆ ಮಾತು ಬೂದಿಗೆರೆಯವರೆಗೂ ಹೋಯಿತು. ಮದುವೆಯ ಫೋಟೋಗಳು ಬಂದ ಮೇಲೆ ಆ ಅಪವಾದಕ್ಕೆ ಸಾಕ್ಷಿಯೂ ಸಿಕ್ಕಿತು. ಕಾರು ಹತ್ತುವ ಮೊದಲು ಮಾತ್ರ ಭಾವ ನನ್ನ ಹತ್ತಿರ ಬಂದು, ಯಾರಿಗೂ ಕೇಳದಂತೆ, “ಈ ಸೀರೆ ಸದ್ದು ಬೇರೆ ಐತೆ ಮಂಜಣ್ಣ. ರೇಷ್ಮೆದು” ಎಂದು ನನ್ನ ಕೈ ಒತ್ತಿದರು. ಮೋಟಾರಿನ ಸದ್ದು ಕೇಳಿ ಕೇಳಿ ಪಳಗಿದ ಕಿವಿ. ಅವರಿಗೆ ಎಷ್ಟು ತಿಳಿದಿದೆ, ಎಷ್ಟು ತಿಳಿದಿಲ್ಲ ಎಂದು ನಾನು ಈವರೆಗೂ ಕೇಳಿಲ್ಲ.

ಇದೆಲ್ಲ ಮುಗಿದು ಅವರೆಯ ಕಾಲವೂ ಮುಗಿಯುತ್ತಾ ಬಂದಾಗ ರಶ್ಮಿಯ ಫೋನು ಬಂತು. ಮೂರು ಕಂಪನಿಯವರೂ ಕೊನೆಗೊಮ್ಮೆ ಒಟ್ಟಿಗೆ ಕೂತು ಮಾತಾಡಿದ್ದಾರೆ, ಇನ್ನು ಮೇಲೆ ಒಬ್ಬರ ಬೀಗ ಇನ್ನೊಬ್ಬರಿಗೆ ತಿಳಿಯುವಂತೆ ಮಾಡಿದ್ದಾರೆ, ನನ್ನ ದೂರನ್ನೂ ಒಪ್ಪಿದ್ದಾರೆ. “ನೀವು ಹೂಂ ಅಂದ್ರೆ ಆ ಚಿತ್ತಾರ ಇವತ್ತೇ ಎಲ್ಲಾ ಮಗ್ಗಗಳಿಂದಾನೂ ತೆಗೀತೀವಿ ಸರ್” ಎಂದಳು. ಹೂಂ ಎನ್ನಬೇಕಾದವನು ಒಂದು ನಿಮಿಷ ಎಂದು ಹೇಳಿ ಸಾಸಲಿಗೆ ಫೋನು ಮಾಡಿದೆ. ಅಕ್ಕ ಕಾಳು ಸುಲಿಯುತ್ತಾ ಇದ್ದಳೆಂದು ಕಾಣುತ್ತದೆ. “ಬಿಡೋ. ಚೆನ್ನಾಗೈತೆ ಅಂತ ತಾನೇ ಉಡ್ತಾವ್ರೆ. ಉಟ್ಕೊಳ್ಳಲಿ” ಎಂದಳು. ನಾನು ರಶ್ಮಿಗೆ ಮತ್ತೆ ಫೋನು ಮಾಡಿ, ಬಹಳ ದೊಡ್ಡ ಮನಸ್ಸಿನವನ ಗತ್ತಿನಲ್ಲಿ, ತೆಗೆಯುವುದು ಬೇಡ, ನಾವು ಮನೆಯವರೆಲ್ಲ ಕೂತು ಕ್ಷಮಿಸಿದ್ದೇವೆ ಎಂದೆ. ಅವಳಿಗೆ ಬಹಳ ಸಂತೋಷವಾಯಿತು.

“ಹಾಗಿದ್ರೆ ಸರ್, ಚಿತ್ತಾರದ ಕೆಳಗೆ ನಿಮ್ಮ ಹೆಸರಾದ್ರೂ ಹಾಕ್ಲಾ? ಎಲ್ಲಾ ಮಗ್ಗದೋರಿಗೂ ಕಾಣುತ್ತೆ.”

ನನ್ನ ಎದೆ ಹಾರಿತು. ಆದರೆ ಕೇಳಿದ ಕೂಡಲೇ ಹೂಂ ಎಂದರೆ ಚೆನ್ನಾಗಿರುವುದಿಲ್ಲವಲ್ಲ. ದೊಡ್ಡ ಮನಸ್ಸಿನ ಗತ್ತು ಇನ್ನೂ ಇಳಿದಿರಲಿಲ್ಲ. ಇನ್ನೆರಡು ಸಲ ಬಲವಂತ ಮಾಡಿದ ಮೇಲೆ ಒಪ್ಪಿಕೊಂಡರಾಯಿತೆಂದು, “ಅಯ್ಯೋ ಬೇಡಮ್ಮಾ, ನಮ್ಮಂಥೋರ ಹೆಸ್ರು ಯಾಕೆ” ಎಂದೆ.

“ಓಕೆ ಸರ್” ಎಂದು ಅವಳು ಫೋನಿಟ್ಟಳು.

ನಾನು ಫೋನನ್ನು ಕೈಯಲ್ಲೇ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತೆ. ಲೈನು ಕಟ್ಟಾಗಿರಬಹುದು, ಮತ್ತೆ ಮಾಡುತ್ತಾಳೇನೋ ಎಂದು. ಸುಮ ಒಳಗಿನಿಂದ ಬಂದು, “ಯಾರ ಫೋನು ಕಾಯ್ತಿದ್ದೀರಾ?” ಎಂದು ಕೇಳಿದಳು. ಯಾರದೂ ಇಲ್ಲ ಎಂದೆ. ಮಗ್ಗಗಳ ಸದ್ದಿನಲ್ಲಿ ಅವಳಿಗೆ ಕೇಳಿಸಲಿಲ್ಲ. ಎಲ್ಲಿ ಕರೆಂಟು ಹೋಗಿಬಿಡುತ್ತದೋ ಎಂದು ಇನ್ನೊಮ್ಮೆ ಕೂಗಿ ಹೇಳುವ ಧೈರ್ಯ ನನಗೆ ಬರಲಿಲ್ಲ.